ಹಿಂದಿನ ಗಾಜು ಮಸುಕಾದರೆ

ಧನುರ್ಮಾಸ ಬಂತು ಅಂದರೆ ನಮ್ಮ ಕೆಜಿಎಫ್ ಕಡೆ ಚಳಿ ಜೋರು. ಬೆಳಗಿನ ಜಾವ ಬೇತಮಂಗಲದ ಕೆರೆ ಕಡೆ ಮಂಜು ಕವಿದಿರುತ್ತದೆ. ಆ ಹೊತ್ತಿಗೇ ನಮ್ಮ ಜನ ಮನೆ ಬಿಡುತ್ತಾರೆ. 2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿತು. ಆಮೇಲೆ ಬಹಳ ಮನೆಗಳಿಗೆ ಬೆಂಗಳೂರಿನ ಕೆಲಸವೇ ಅನ್ನವಾಯಿತು. ಮಾರಿಕುಪ್ಪಂ, ಚಾಂಪಿಯನ್, ಊರ್ಗಾಂ, ಕೋರಮಂಡಲ್ ಸ್ಟೇಷನ್ನುಗಳಲ್ಲಿ ಜನ ಕತ್ತಲಲ್ಲೇ ರೈಲು ಹತ್ತುತ್ತಾರೆ. ರೈಲು ತಪ್ಪಿದವರು ಕಾರು ಹಿಡಿದು ಬಂಗಾರಪೇಟೆಗೆ ಓಡುತ್ತಾರೆ.

ಬಂಗಾರಪೇಟೆ ಸ್ಟೇಷನ್ ಮುಂದೆ ಜನರನ್ನು ಇಳಿಸಿದ ಮೇಲೆ ಡ್ರೈವರ್ ಕಾರನ್ನು ಹಿಂದಕ್ಕೆ ತೆಗೆಯಬೇಕು. ಆದರೆ ಹಿಂದಿನ ಗಾಜು ಸುಣ್ಣ ಬಳಿದ ಹಾಗೆ ಬೆಳ್ಳಗಾಗಿದೆ. ಕಾರಿನ ಹಿಂದೆ ಗಂಟು ಹೊತ್ತ ಅಜ್ಜಿ ಇರಬಹುದು. ಅಮ್ಮನ ಕೈ ಬಿಡಿಸಿಕೊಂಡ ಮಗು ಇರಬಹುದು. ಡ್ರೈವರಿಗೆ ಏನೂ ಕಾಣುವುದಿಲ್ಲ.

ಈ ಮಸುಕನ್ನು ಬಿಡಿಸಲು ಈಗಿನ ಅನೇಕ ಕಾರುಗಳಲ್ಲಿ ಒಂದು ಏರ್ಪಾಡು ಇದೆ. ಅದರ ಹೆಸರು ಡಿಫಾಗರ್. ಹಿಂದಿನ ಗಾಜಿನ ಮೇಲೆ ಅಡ್ಡಡ್ಡ ಗೆರೆಗಳು ಇರುತ್ತವೆ, ನೋಡಿದ್ದೀರಾ? ಅದೇ ಅದು. ಹಳೆಯ ಕಾಲದ ಅಂಬಾಸಿಡರ್ ಕಾರುಗಳಲ್ಲಿ ನಾವು ಇದನ್ನು ಕಂಡಿಲ್ಲ. ಆಗ ಡ್ರೈವರ್ ಹೆಗಲ ಮೇಲಿನ ಟವೆಲ್ಲೇ ಡಿಫಾಗರ್!

ಗೆರೆಗಳು ಇದ್ದೂ ಗಾಜು ಬೆಚ್ಚಗಾಗದಿದ್ದರೆ ಏನು ಮಾಡಬೇಕು? ಬಹಳ ಜನ ನೇರವಾಗಿ ಅಂಗಡಿಗೆ ಹೋಗಿ ಹೊಸ ಸ್ವಿಚ್ ತರುತ್ತಾರೆ. ಅದಕ್ಕೆ ಮೊದಲು ಒಂದು ಚಿಕ್ಕ ಬಲ್ಬು ಹಿಡಿದು ಅರ್ಧ ಗಂಟೆ ಪರೀಕ್ಷೆ ಮಾಡಿದರೆ ದುಡ್ಡು ಉಳಿಯುತ್ತದೆ. ಅದು ಹೇಗೆ ಅಂತ ಇಲ್ಲಿ ನೋಡೋಣ.

ಗಾಜು ಮಸುಕಾಗುವುದು ಏಕೆ?

ಅನ್ನದ ಪಾತ್ರೆಯ ಮುಚ್ಚಳ ತೆಗೆದು ನೋಡಿ. ಒಳಗಡೆ ನೀರಿನ ಹನಿ ಇರುತ್ತದೆ. ಬಿಸಿ ಆವಿ ಮುಚ್ಚಳಕ್ಕೆ ತಾಗಿ, ತಣ್ಣಗಾಗಿ, ನೀರಾಯಿತು. ಕಾರಿನಲ್ಲೂ ಹಾಗೇ. ಒಳಗೆ ಐದು ಜನ ಕೂತು ಉಸಿರು ಬಿಡುತ್ತಾರೆ. ಉಸಿರಿನಲ್ಲಿ ತೇವ ಇದೆ. ಹೊರಗಿನ ಚಳಿಗೆ ಗಾಜು ತಣ್ಣಗಾಗಿದೆ. ತೇವ ಹೋಗಿ ಗಾಜಿನ ಒಳಮೈಗೆ ಸಣ್ಣ ಹನಿಯಾಗಿ ಕೂರುತ್ತದೆ. ಗಾಜನ್ನು ಸ್ವಲ್ಪ ಬೆಚ್ಚಗೆ ಮಾಡಿದರೆ ಸಾಕು, ಹನಿ ಮತ್ತೆ ಆವಿಯಾಗಿ ಹೋಗುತ್ತದೆ. ಮುಂದಿನ ಗಾಜಿಗೆ ಬಿಸಿ ಗಾಳಿ ಊದುವ ಫ್ಯಾನ್ ಇದೆ. ಆ ಗಾಳಿ ಹಿಂದಿನ ಗಾಜಿನವರೆಗೆ ಸರಿಯಾಗಿ ತಲುಪದು. ಅದಕ್ಕೇ ಅಲ್ಲಿ ಕರೆಂಟಿನ ಗೆರೆ.

ಕರೆಂಟು ಹೋಗುವ ದಾರಿ, ಬರುವ ದಾರಿ

ಕರೆಂಟು ನಮ್ಮ ಊರಿಗೆ ಹೊಸದಲ್ಲ. 1902ರಲ್ಲೇ ಕಾವೇರಿಯ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ನಮ್ಮ ಗಣಿಗಳಿಗೆ ಕರೆಂಟು ತಂದರು. ಬೆಂಗಳೂರಿಗೆ ಬಂದದ್ದು ಆಮೇಲೆ, 1905ರಲ್ಲಿ. ಅಷ್ಟು ಉದ್ದದ ತಂತಿಗೂ ಕಾರಿನೊಳಗಿನ ಗೇಣುದ್ದದ ವಯರಿಗೂ ನಿಯಮ ಒಂದೇ. ಕರೆಂಟಿಗೆ ಹೋಗುವ ದಾರಿ ಬೇಕು, ವಾಪಸು ಬರುವ ದಾರಿಯೂ ಬೇಕು. ಎರಡರಲ್ಲಿ ಒಂದು ಕಡಿದರೂ ಕೆಲಸ ನಿಂತಿತು.

ಗಣಿಯಲ್ಲಿ ದುಡಿದವರಿಗೆ ತಲೆದೀಪ ಗೊತ್ತು. ಬ್ಯಾಟರಿ ಸೊಂಟದಲ್ಲಿ, ದೀಪ ಟೋಪಿಯ ಮೇಲೆ. ನಡುವೆ ಹೊರಗೆ ಕಾಣುವುದು ಒಂದೇ ವಯರು. ಅದರೊಳಗೆ ಎರಡು ಎಳೆ ಇರುತ್ತವೆ. ಒಂದು ಹೋಗಲು, ಇನ್ನೊಂದು ಬರಲು. ಕಾರಿನಲ್ಲಿ ಬರುವ ದಾರಿಗೆ ಉದ್ದದ ವಯರು ಹಾಕುವುದಿಲ್ಲ. ಕಾರಿನ ಕಬ್ಬಿಣದ ಮೈಯೇ ವಾಪಸು ದಾರಿ. ಬ್ಯಾಟರಿಯ ಮೈನಸ್ ಅನ್ನು ಮೈಗೆ ಕಟ್ಟಿರುತ್ತಾರೆ. ಇದನ್ನೇ ಮೆಕ್ಯಾನಿಕ್ಕುಗಳು ಬಾಡಿ ಅರ್ತ್ ಅನ್ನುತ್ತಾರೆ.

ಈಗ ಡಿಫಾಗರಿನ ದಾರಿ ನೋಡಿ. ಬ್ಯಾಟರಿಯ ಪ್ಲಸ್ಸಿನಿಂದ ಕರೆಂಟು ಹೊರಟು ಫ್ಯೂಸಿಗೆ ಬರುತ್ತದೆ. ಅಲ್ಲಿಂದ ರಿಲೇ. ರಿಲೇಯಿಂದ ಹಿಂದಿನ ಗಾಜಿನ ಒಂದು ಬದಿಯ ಪಟ್ಟಿ. ಆ ಪಟ್ಟಿಯಿಂದ ಎಲ್ಲ ಗೆರೆಗಳಿಗೂ ಹಂಚಿಕೆಯಾಗಿ, ಇನ್ನೊಂದು ಬದಿಯ ಪಟ್ಟಿಗೆ ಸೇರಿ, ಅರ್ತ್ ಮೂಲಕ ವಾಪಸು. ನಮ್ಮ ಕೋಲಾರದ ಟೊಮೇಟೊ ತೋಟದ ಹನಿ ನೀರಾವರಿ ನೆನೆಸಿಕೊಳ್ಳಿ. ಒಂದು ದೊಡ್ಡ ಪೈಪು, ಅದರಿಂದ ಸಾಲುಸಾಲು ಸಣ್ಣ ಪೈಪು. ಒಂದು ಸಣ್ಣ ಪೈಪು ಕಟ್ಟಿಕೊಂಡರೆ ಆ ಸಾಲು ಮಾತ್ರ ಒಣಗುತ್ತದೆ. ಮೋಟರೇ ನಿಂತರೆ ತೋಟವೆಲ್ಲ ಒಣಗುತ್ತದೆ. ಈ ಲೆಕ್ಕ ನಮಗೆ ಮುಂದೆ ಬೇಕಾಗುತ್ತದೆ.

ಹಾಗಾದರೆ ಸ್ವಿಚ್ ಎಲ್ಲಿ ಬಂತು? ಡಿಫಾಗರ್ ಕರೆಂಟು ಜಾಸ್ತಿ ಎಳೆಯುತ್ತದೆ. ಕಾರಿನಿಂದ ಕಾರಿಗೆ ಬೇರೆ ಬೇರೆ, ಸಾಮಾನ್ಯವಾಗಿ 10ರಿಂದ 20 ಆಂಪಿಯರ್. ಎರಡು ಹೆಡ್‌ಲೈಟು ಸೇರಿ ಎಳೆಯುವಷ್ಟು, ಕೆಲವು ಸಲ ಅದಕ್ಕಿಂತ ಹೆಚ್ಚು. ಅಷ್ಟು ಕರೆಂಟು ಬೆರಳಿನಷ್ಟು ಸ್ವಿಚ್ಚಿನಲ್ಲಿ ಹರಿದರೆ ಅದು ಬೇಗ ಸುಟ್ಟುಹೋಗುತ್ತದೆ. ಅದಕ್ಕೇ ನಡುವೆ ರಿಲೇ ಇಟ್ಟಿದ್ದಾರೆ. ನಮ್ಮ ಮೈಸೂರು ಮೈನ್ಸಿನ ಎಡ್ಗರ್ ಶಾಫ್ಟ್ ನೆನಪಿದೆಯಾ? ಶಾಫ್ಟಿನ ಬಾಯಲ್ಲಿ ನಿಂತವನು ಗಂಟೆ ಹೊಡೆಯುತ್ತಾನೆ, ಅಷ್ಟೇ. ಕೇಜನ್ನು ಎಳೆಯುವುದು ಅವನಲ್ಲ. ವೈಂಡಿಂಗ್ ಎಂಜಿನ್ ಎಳೆಯುತ್ತದೆ. ಇಲ್ಲಿ ಸ್ವಿಚ್ ಗಂಟೆ ಹೊಡೆಯುವವನು. ರಿಲೇ ವೈಂಡಿಂಗ್ ಎಂಜಿನ್ನಿನ ಡ್ರೈವರ್. ಕೆಲವು ಹಳೆಯ ಕಾರುಗಳಲ್ಲಿ ರಿಲೇ ಇಲ್ಲದೆ ಸ್ವಿಚ್ಚೇ ಪೂರ್ತಿ ಭಾರ ಹೊರುವುದೂ ಉಂಟು.

ಆದ್ದರಿಂದ ಸ್ವಿಚ್ಚಿನಲ್ಲಿ ಸಣ್ಣ ದೀಪ ಹತ್ತಿತು ಅಂದರೆ ಗಾಜಿಗೆ ಕರೆಂಟು ಹೋಯಿತು ಅಂತ ತಿಳಿಯಬೇಡಿ. ಗಂಟೆ ಕೇಳಿತು ಅಂದ ಮಾತ್ರಕ್ಕೆ ಕೇಜ್ ಬಂತೇ?

ಬೇಕಾದ ಸಾಮಾನು

ಒಂದು ಟೆಸ್ಟ್ ಲ್ಯಾಂಪ್ ಸಾಕು. 12 ವೋಲ್ಟಿನ ಚಿಕ್ಕ ಬಲ್ಬು, ಒಂದು ಕಡೆ ಕಚ್ಚುವ ಕ್ಲಿಪ್ಪು, ಇನ್ನೊಂದು ಕಡೆ ಸೂಜಿಯಂಥ ಮೊನೆ. ಆಟೋ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ. ಮಲ್ಟಿಮೀಟರ್ ಇದ್ದರೆ ಇನ್ನೂ ಒಳ್ಳೆಯದು. ಅದು ವೋಲ್ಟನ್ನು ಅಂಕಿಯಲ್ಲೇ ತೋರಿಸುತ್ತದೆ. ಮನೆಯ ಕರೆಂಟು ನೋಡುವ ಟೆಸ್ಟರ್ ಇಲ್ಲಿ ಬೇಡ. ಅದರ ದೀಪ 12 ವೋಲ್ಟಿಗೆ ಹತ್ತುವುದಿಲ್ಲ. ‘ಕರೆಂಟೇ ಇಲ್ಲ’ ಅಂತ ಸುಮ್ಮನೆ ದಾರಿ ತಪ್ಪಿಸುತ್ತದೆ.

ಕೈಯಲ್ಲಿ ಉಂಗುರ, ಕಡಗ ಇದ್ದರೆ ತೆಗೆದಿಡಿ. ಕಾರಿನ ಕರೆಂಟು 12 ವೋಲ್ಟು, ಮೈಗೆ ಹೊಡೆಯುವುದಿಲ್ಲ ನಿಜ. ಆದರೆ ಉಂಗುರ ಪ್ಲಸ್ಸಿಗೂ ಮೈಗೂ ಒಟ್ಟಿಗೆ ತಾಗಿದರೆ ಕೆಂಪಗೆ ಕಾದು ಬೆರಳು ಸುಡುತ್ತದೆ.

ಮೊದಲು ದೀಪವನ್ನೇ ಪರೀಕ್ಷೆ ಮಾಡಿ. ಕ್ಲಿಪ್ಪನ್ನು ಬ್ಯಾಟರಿಯ ಮೈನಸ್ಸಿಗೆ ಕಚ್ಚಿಸಿ, ಮೊನೆಯನ್ನು ಪ್ಲಸ್ಸಿಗೆ ಮುಟ್ಟಿಸಿ. ಹತ್ತಬೇಕು. ಎಷ್ಟು ಪ್ರಕಾಶವಾಗಿ ಹತ್ತಿತು ಅಂತ ಮನಸ್ಸಿನಲ್ಲಿಟ್ಟುಕೊಳ್ಳಿ.

ಪರೀಕ್ಷೆ ಶುರು

ಎಂಜಿನ್ ಚಾಲೂ ಮಾಡಿ. ಬಹಳ ಕಾರುಗಳಲ್ಲಿ ಎಂಜಿನ್ ಓಡದೆ ಡಿಫಾಗರ್ ಕೆಲಸ ಮಾಡುವುದಿಲ್ಲ. ಸ್ವಿಚ್ ಹುಡುಕಿ. ಅದರ ಮೇಲೆ ಒಂದು ಚೌಕ, ಅದರಲ್ಲಿ ಮೇಲಕ್ಕೆ ಏಳುವ ಮೂರು ಡೊಂಕು ಬಾಣ ಇರುತ್ತದೆ. ಬೀಸಣಿಗೆ ಹಾಗೆ ಬಾಗಿದ ಚಿತ್ರ ಇದ್ದರೆ ಅದು ಮುಂದಿನ ಗಾಜಿನದು. ಸ್ವಿಚ್ ಒತ್ತಿ ಐದು ನಿಮಿಷ ಬಿಡಿ. ಆಮೇಲೆ ಒಳಗಿನಿಂದ ಗಾಜಿಗೆ ಅಂಗೈ ಇಟ್ಟು ನೋಡಿ. ಇನ್ನೊಂದು ವಿಷಯ. ಅನೇಕ ಕಾರುಗಳಲ್ಲಿ ಹತ್ತು ಹದಿನೈದು ನಿಮಿಷಕ್ಕೆ ಇದು ತಾನೇ ಆರಿಹೋಗುತ್ತದೆ. ಬ್ಯಾಟರಿ ಉಳಿಸಲು ಹಾಗೆ ಮಾಡಿದ್ದಾರೆ. ಅದು ರಿಪೇರಿ ಅಲ್ಲ.

ಒಂದೆರಡು ಗೆರೆ ಮಾತ್ರ ತಣ್ಣಗಿದ್ದರೆ ಸ್ವಿಚ್, ಫ್ಯೂಸ್ ಯಾವುದನ್ನೂ ಮುಟ್ಟಬೇಡಿ. ಮೋಟರು ಸರಿಯಾಗಿದೆ, ಪೈಪು ಕಟ್ಟಿದೆ. ಅದರ ಮಾತು ಕೊನೆಗೆ ಹೇಳುತ್ತೇವೆ. ಪೂರ್ತಿ ಗಾಜು ತಣ್ಣಗಿದ್ದರೆ ಮುಂದೆ ಓದಿ.

ಫ್ಯೂಸ್ ಪೆಟ್ಟಿಗೆಯ ಮುಚ್ಚಳ ತೆಗೆಯಿರಿ. ಮುಚ್ಚಳದ ಒಳಗಡೆ ಅಂಕಿ, ಚಿತ್ರ ಬರೆದಿರುತ್ತದೆ. ಅದೇ ಚೌಕ, ಅದೇ ಬಾಣ ಹುಡುಕಿ. ಫ್ಯೂಸಿನ ಬೆನ್ನ ಮೇಲೆ ಅಂಕಿ ಇದೆ. ಬಣ್ಣವೂ ಅದನ್ನೇ ಹೇಳುತ್ತದೆ. ಕೆಂಪು 10, ನೀಲಿ 15, ಹಳದಿ 20, ಹಸಿರು 30. ಬೆನ್ನ ಮೇಲೆ ಎರಡು ಸಣ್ಣ ಲೋಹದ ಚುಕ್ಕೆ ಕಾಣುತ್ತವೆ. ಸ್ವಿಚ್ ಹಾಕಿ, ಟೆಸ್ಟ್ ಲ್ಯಾಂಪಿನ ಮೊನೆಯನ್ನು ಎರಡಕ್ಕೂ ಒಂದೊಂದಾಗಿ ಮುಟ್ಟಿಸಿ. ಎರಡರಲ್ಲೂ ಹತ್ತಿದರೆ ಫ್ಯೂಸ್ ಸರಿ. ಒಂದರಲ್ಲಿ ಮಾತ್ರ ಹತ್ತಿದರೆ ಫ್ಯೂಸ್ ಹೋಗಿದೆ. ಅಷ್ಟೇ ಅಂಕಿಯ ಹೊಸ ಫ್ಯೂಸ್ ಹಾಕಿ.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ ಸುತ್ತಿ ಫ್ಯೂಸ್ ‘ರೆಡಿ’ ಮಾಡುವವರಿದ್ದಾರೆ. ತಾಮ್ರದ ಎಳೆ ಹಾಕುವವರೂ ಇದ್ದಾರೆ. 20ರ ಜಾಗಕ್ಕೆ 30 ಹಾಕುವುದು ಇನ್ನೂ ಸಾಮಾನ್ಯ. ಹಾಗೆ ಮಾಡ್ಬೇಡಿ. ಫ್ಯೂಸ್ ಅಂದರೆ ತಾನು ಸುಟ್ಟು ವಯರನ್ನು ಉಳಿಸುವ ವಸ್ತು. ಅದು ಸುಡದಿದ್ದರೆ ವಯರು ಸುಡುತ್ತದೆ. ಆ ವಯರು ಸೀಟಿನ ಕೆಳಗೆ, ಹಾಸಿನ ಕೆಳಗೆ ಹಾದುಹೋಗಿದೆ. ಅದರ ಮೇಲೆ ನಿಮ್ಮ ಪ್ಯಾಸೆಂಜರ್ ಕೂತಿದ್ದಾರೆ.

ಫ್ಯೂಸ್ ಸರಿ ಇದ್ದರೆ ನೇರ ಗಾಜಿನ ಹತ್ತಿರ ಹೋಗಿ. ನಡುವಿನ ಸ್ವಿಚ್, ರಿಲೇ ಎಲ್ಲ ಬಿಟ್ಟು ಅಲ್ಲಿಗೇಕೆ? ಕಾರಣ ಇದೆ. ಒಂದೇ ಪರೀಕ್ಷೆಯಲ್ಲಿ ಅರ್ಧ ದಾರಿ ಸರಿಯೋ ತಪ್ಪೋ ಗೊತ್ತಾಗುತ್ತದೆ. ಗಾಜಿನ ಎರಡೂ ಬದಿಯ ಪಟ್ಟಿಗೆ ಒಂದೊಂದು ವಯರು ಬಂದು ಸೇರಿರುತ್ತದೆ. ವಯರುಗಳನ್ನು ಕೀಳಬೇಡಿ. ಹಾಗೇ ಇರಲಿ. ಕ್ಲಿಪ್ಪನ್ನು ಕಾರಿನ ಮೈಯಲ್ಲಿ ಬಣ್ಣವಿಲ್ಲದ ಬೋಲ್ಟಿಗೆ ಕಚ್ಚಿಸಿ. ಡಿಕ್ಕಿಯ ಬಾಗಿಲಿಗೆ ಕಚ್ಚಿಸಬೇಡಿ. ಬಾಗಿಲಿನ ಅರ್ತೇ ಕೆಟ್ಟಿದ್ದರೆ ನಿಮ್ಮ ದೀಪವೂ ಸುಳ್ಳು ಹೇಳುತ್ತದೆ. ಸ್ವಿಚ್ ಹಾಕಿ, ಮೊನೆಯನ್ನು ಎರಡೂ ಬದಿಗೆ ಮುಟ್ಟಿಸಿ ನೋಡಿ.

ಎರಡೂ ಬದಿಯಲ್ಲಿ ದೀಪ ಹತ್ತದಿದ್ದರೆ ಕರೆಂಟು ಗಾಜಿನವರೆಗೆ ಬಂದೇ ಇಲ್ಲ. ಒಂದು ಬದಿಯಲ್ಲಿ ಚೆನ್ನಾಗಿ ಹತ್ತಿ, ಇನ್ನೊಂದು ಬದಿಯಲ್ಲಿ ಹತ್ತದಿದ್ದರೆ ಬರುವ ವಯರು, ಅರ್ತ್ ಎರಡೂ ಸರಿ. ಎರಡೂ ಬದಿಯಲ್ಲಿ ಪ್ರಕಾಶವಾಗಿ ಹತ್ತಿದರೆ? ನೋಡಿದವರು ಖುಷಿಪಡುತ್ತಾರೆ. ‘ಎರಡು ಕಡೆಯೂ ಕರೆಂಟು ಬರ್ತೈತೆ!’ ಅಂತಾರೆ. ಅದೇ ರೋಗ. ಕರೆಂಟು ಗೆರೆ ದಾಟಿ ಆಚೆ ಬದಿಗೆ ಬಂದು ವಾಪಸು ಹೋಗಲು ದಾರಿಯಿಲ್ಲದೆ ನಿಂತಿದೆ. ಅರ್ತ್ ಕಡಿದಿದೆ.

ಬಂಗಾರಪೇಟೆಯ ಒಬ್ಬ ಡ್ರೈವರ್

ನಮ್ಮ ಕಲಿಕಾ ಕೇಂದ್ರಕ್ಕೆ ಬರುತ್ತಿದ್ದ ಒಬ್ಬ ಡ್ರೈವರಣ್ಣನಿಗೆ ಆದದ್ದು ಇದೇ.

“ಮೇಷ್ಟ್ರೇ, ಸ್ವಿಚ್ಚಲ್ಲಿ ಲೈಟ್ ಬರ್ತೈತೆ, ಗಾಜು ಮಾತ್ರ ಐಸ್ ಥರಾ ಐತೆ” ಅಂದರು.

“ಏನೇನು ಬದಲಾಯಿಸಿದಿರಿ ಅಣ್ಣ?” ಅಂತ ಕೇಳಿದೆವು.

“ಸ್ವಿಚ್ ಹಾಕ್ಸಿದೆ. ಆಮೇಲೆ ರಿಲೇ ಹಾಕ್ಸಿದೆ. ಈಗ ಗಾಜೇ ಬದಲಾಯ್ಸು ಅಂತಾವ್ರೆ.”

ಎರಡು ದಿನದ ಸಂಪಾದನೆ ಆಗಲೇ ಹೋಗಿತ್ತು. ಗಾಜು ಅಂದರೆ ತಿಂಗಳ ಮನೆ ಖರ್ಚು. ಟೆಸ್ಟ್ ಲ್ಯಾಂಪ್ ಹಿಡಿದೆವು. ಎರಡೂ ಬದಿಯಲ್ಲಿ ಹತ್ತಿತು. ಅರ್ತ್ ವಯರನ್ನು ಹಿಂಬಾಲಿಸಿ ಹೋದೆವು. ಡಿಕ್ಕಿಯ ಒಳಹಲಗೆ ಬಿಚ್ಚಿದಾಗ ಅದು ಕಂಡಿತು. ಮೈಗೆ ಸೇರಿಸಿದ್ದ ಸ್ಕ್ರೂ ತುಕ್ಕು ಹಿಡಿದು, ವಯರಿನ ತುದಿ ಸಡಿಲವಾಗಿ ನೇತಾಡುತ್ತಿತ್ತು. ಉಪ್ಪು ಕಾಗದದಿಂದ ತುಕ್ಕು ಉಜ್ಜಿ, ಬೆಳ್ಳಗೆ ಲೋಹ ಕಾಣುವಂತೆ ಮಾಡಿ, ಸ್ಕ್ರೂ ಬಿಗಿ ಮಾಡಿದರು. ಉಪ್ಪು ಕಾಗದಕ್ಕೆ ಎಷ್ಟು ಖರ್ಚಾಯಿತೋ ಅಷ್ಟೇ.

ಡಿಕ್ಕಿ ಬಾಗಿಲಿನಲ್ಲೇ ಗಾಜು ಇರುವ ಕಾರುಗಳಲ್ಲಿ ಇನ್ನೊಂದು ಜಾಗ ನೋಡಬೇಕು. ಬಾಗಿಲ ಕೀಲಿನ ಹತ್ತಿರ ಒಂದು ರಬ್ಬರ್ ಕೊಳವೆ ಇರುತ್ತದೆ. ವಯರುಗಳೆಲ್ಲ ಅದರೊಳಗೆ ಹೋಗುತ್ತವೆ. ದಿನಕ್ಕೆ ಇಪ್ಪತ್ತು ಸಲ ಬಾಗಿಲು ತೆಗೆದು ಹಾಕಿದರೆ ವಯರು ಬಾಗಿ ಬಾಗಿ ಒಳಗೇ ತುಂಡಾಗುತ್ತದೆ. ಮೇಲಿನ ಪ್ಲಾಸ್ಟಿಕ್ ಮಾತ್ರ ಹಾಗೇ ಇರುತ್ತದೆ. ಮೆಲ್ಲಗೆ ಎಳೆದು ನೋಡಿದರೆ ತುಂಡಾದ ಕಡೆ ರಬ್ಬರಿನ ಹಾಗೆ ಹಿಗ್ಗುತ್ತದೆ.

ದೀಪವೂ ಒಮ್ಮೊಮ್ಮೆ ಮೋಸ ಮಾಡುತ್ತದೆ

ವಯರು ಪೂರ್ತಿ ಕಡಿದಿರುವುದಿಲ್ಲ. ಹತ್ತಾರು ಎಳೆಯಲ್ಲಿ ಒಂದೆರಡು ಎಳೆ ಉಳಿದಿರುತ್ತವೆ. ಆಗ ಗಾಜಿನ ವಯರನ್ನು ಕಿತ್ತು ಮೀಟರ್ ಹಿಡಿದರೆ 12 ವೋಲ್ಟ್ ಸರಿಯಾಗಿ ತೋರಿಸುತ್ತದೆ. ಎಲ್ಲ ಸರಿ ಅಂದುಕೊಳ್ಳುತ್ತೀರಿ. ಮತ್ತೆ ಸಿಕ್ಕಿಸಿದರೆ ಗಾಜು ತಣ್ಣಗೇ ಇರುತ್ತದೆ.

ತೋಟದ ಪೈಪನ್ನೇ ನೋಡಿ. ಪೈಪು ನಡುವೆ ಮಡಚಿಕೊಂಡಿದೆ. ತುದಿಯ ನಲ್ಲಿ ಮುಚ್ಚಿದ್ದಾಗ ಒತ್ತಡ ತುಂಬಿ ನಿಲ್ಲುತ್ತದೆ. ನಲ್ಲಿ ತೆರೆದ ಕೂಡಲೇ ನೀರು ಸಣ್ಣಗೆ ತೊಟ್ಟಿಕ್ಕುತ್ತದೆ. ವೋಲ್ಟ್ ಅಂದರೆ ಒತ್ತಡ. ಆಂಪಿಯರ್ ಅಂದರೆ ಹರಿವು. ಹರಿವು ಇಲ್ಲದಾಗ ಒತ್ತಡ ಅಳೆದು ಪ್ರಯೋಜನವಿಲ್ಲ. ಅದಕ್ಕೇ ವಯರು ಕೀಳದೆ, ಸ್ವಿಚ್ ಹಾಕಿಕೊಂಡೇ ಅಳೆಯಿರಿ ಅಂತ ಮೇಲೆ ಹೇಳಿದ್ದು. ಹಾಗೆ ಅಳೆದಾಗ ಬರುವ ಬದಿಯಲ್ಲಿ ಬ್ಯಾಟರಿಗೆ ಹತ್ತಿರದ ವೋಲ್ಟ್ ಇರಬೇಕು. ಏಳೋ ಎಂಟೋ ತೋರಿಸಿದರೆ ದಾರಿಯಲ್ಲಿ ಎಲ್ಲೋ ಮಡಚಿದೆ ಅಂತ ಅರ್ಥ. ಅರ್ತ್ ಬದಿಯಲ್ಲಿ ಸೊನ್ನೆಯ ಹತ್ತಿರ ಇರಬೇಕು. ಅರ್ಧ ವೋಲ್ಟಿಗಿಂತ ಹೆಚ್ಚು ಬಂದರೆ ಅರ್ತಿನ ಸ್ಕ್ರೂ ಉಜ್ಜುವ ಕೆಲಸ ಇದೆ. ಈ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದಿಡಿ. ಮೆಕ್ಯಾನಿಕ್ ಹತ್ತಿರ ಹೋದರೂ ಆ ಚೀಟಿ ತೋರಿಸಬಹುದು.

ಗಾಜಿಗೆ ಕರೆಂಟು ಬರದಿದ್ದರೆ

ಈಗ ರಿಲೇ ಮತ್ತು ಸ್ವಿಚ್. ಸ್ವಿಚ್ ಒತ್ತಿದಾಗ ರಿಲೇ ‘ಟಿಕ್’ ಅನ್ನಬೇಕು. ಅದರ ಮೇಲೆ ಬೆರಳಿಟ್ಟರೆ ಗೊತ್ತಾಗುತ್ತದೆ. ಅನೇಕ ರಿಲೇಗಳ ಕಾಲುಗಳ ಹತ್ತಿರ ಅಂಕಿ ಬರೆದಿರುತ್ತದೆ: 30, 87, 85, 86. 30ಕ್ಕೆ ಬ್ಯಾಟರಿಯ ಕರೆಂಟು ಬರುತ್ತದೆ. 87ರಿಂದ ಗಾಜಿಗೆ ಹೋಗುತ್ತದೆ. 85 ಮತ್ತು 86 ಗಂಟೆಯ ದಾರಿ, ಅಂದರೆ ಸ್ವಿಚ್ಚಿನ ಕಡೆಯದು. ಟಿಕ್ ಅಂದರೂ 30ರಲ್ಲಿ ಬಂದ ಕರೆಂಟು 87ರಲ್ಲಿ ಹೊರಡದಿದ್ದರೆ ರಿಲೇಯ ಒಳಗಿನ ಮುಖ ಸುಟ್ಟಿದೆ. ಅದೇ ಪೆಟ್ಟಿಗೆಯಲ್ಲಿ ಅದೇ ನಂಬರಿನ ಬೇರೆ ರಿಲೇ ಇದ್ದರೆ, ಒಂದು ನಿಮಿಷ ಅದಲುಬದಲು ಮಾಡಿ ನೋಡಬಹುದು. ಇದು ದುಡ್ಡಿಲ್ಲದ ಪರೀಕ್ಷೆ.

ಟಿಕ್ ಶಬ್ದವೇ ಇಲ್ಲದಿದ್ದರೆ ಆಗ ಸ್ವಿಚ್ಚಿನ ಮೇಲೆ ಅನುಮಾನಪಡಿ. ಎಂಜಿನ್ ಆರಿಸಿ, ಬ್ಯಾಟರಿಯ ಮೈನಸ್ ಬಿಚ್ಚಿ, ಸ್ವಿಚ್ಚನ್ನು ಹೊರತೆಗೆಯಿರಿ. ಮಲ್ಟಿಮೀಟರನ್ನು ಓಮ್ ಗುರುತಿಗೆ ತಿರುಗಿಸಿ ಸ್ವಿಚ್ಚಿನ ಎರಡು ಕಾಲಿಗೆ ಹಿಡಿಯಿರಿ. ಯಾವ ಎರಡು ಕಾಲು ಅಂತ ಕಾರಿನ ಪುಸ್ತಕದಲ್ಲೋ ಸ್ವಿಚ್ಚಿನ ಮೇಲೋ ಇರುತ್ತದೆ. ಒತ್ತಿದಾಗ ಸೊನ್ನೆಯ ಹತ್ತಿರ ಬರಬೇಕು. ಬಿಟ್ಟಾಗ ದಾರಿ ಇಲ್ಲ ಅಂತ ತೋರಿಸಬೇಕು. ಒತ್ತಿದರೂ ದಾರಿ ಇಲ್ಲ ಅಂದರೆ ಹೊಸ ಸ್ವಿಚ್ ತನ್ನಿ. ಈಗ ಅದಕ್ಕೆ ಕೊಡುವ ದುಡ್ಡು ನ್ಯಾಯ.

ಹೊಸ ಕಾರುಗಳಲ್ಲಿ ಒಂದು ಎಚ್ಚರಿಕೆ. ಅವುಗಳಲ್ಲಿ ಸ್ವಿಚ್ ನೇರ ರಿಲೇಗೆ ಹೇಳುವುದಿಲ್ಲ. ನಡುವೆ ಒಂದು ಚಿಕ್ಕ ಕಂಪ್ಯೂಟರ್ ಕೂತಿರುತ್ತದೆ. ಅದರ ವಯರಿಗೆ ಟೆಸ್ಟ್ ಲ್ಯಾಂಪ್ ಚುಚ್ಚಿದರೆ ಕಂಪ್ಯೂಟರೇ ಸುಡಬಹುದು. ಅಲ್ಲಿ ಮಲ್ಟಿಮೀಟರ್ ಮಾತ್ರ. ಹಳದಿ ಬಣ್ಣದ ವಯರು, ಹಳದಿ ಕಪ್ಲರ್ ಕಂಡರೆ ಅದರ ತಂಟೆಗೆ ಹೋಗ್ಬೇಡಿ. ಸಾಮಾನ್ಯವಾಗಿ ಅದು ಏರ್‌ಬ್ಯಾಗಿನದು. ತಪ್ಪಿ ಕರೆಂಟು ಕೊಟ್ಟರೆ ಮುಖಕ್ಕೇ ಸಿಡಿಯುತ್ತದೆ.

ಒಂದೇ ಗೆರೆ ಕೆಟ್ಟರೆ

ಗೆರೆ ಅಂದರೆ ಗಾಜಿನ ಒಳಮೈಗೆ ಅಂಟಿದ ಬೆಳ್ಳಿ ಬೆರೆತ ತೆಳು ಲೇಪ. ಉಗುರು, ಬ್ಲೇಡು ತಾಗಿದರೆ ಕಿತ್ತುಬರುತ್ತದೆ. 2012ರಲ್ಲಿ ಸುಪ್ರೀಂ ಕೋರ್ಟು ಕಾರಿನ ಗಾಜಿಗೆ ಕಪ್ಪು ಫಿಲ್ಮ್ ಅಂಟಿಸಬಾರದು ಎಂದು ಆದೇಶ ಮಾಡಿತು. ದೇಶದ ತುಂಬ ಜನ ಫಿಲ್ಮ್ ಕೀಳಿಸಿದರು. ಬ್ಲೇಡಿನಿಂದ ಕೆರೆದರೆ ಫಿಲ್ಮಿನ ಜೊತೆ ಗೆರೆಯೂ ಹೋಗುತ್ತದೆ. ದೇವರ ಸ್ಟಿಕ್ಕರ್, ಹೀರೋ ಸ್ಟಿಕ್ಕರ್ ಒಳಗಡೆ ಅಂಟಿಸಿ ಆಮೇಲೆ ಕಿತ್ತರೂ ಅದೇ ಕಥೆ. ಗಾಜು ಒರೆಸುವಾಗ ಗೆರೆಯ ಉದ್ದಕ್ಕೆ ಒರೆಸಿ, ಅಡ್ಡಕ್ಕೆ ಬೇಡ.

ಕಡಿದ ಜಾಗ ಕಣ್ಣಿಗೆ ಕಾಣದಿದ್ದರೆ ಮೀಟರ್ ಹುಡುಕಿಕೊಡುತ್ತದೆ. ಮೀಟರಿನ ಮೈನಸ್ ಕಡ್ಡಿಯನ್ನು ಕಾರಿನ ಮೈಗೆ ಹಿಡಿಯಿರಿ. ಪ್ಲಸ್ ಕಡ್ಡಿಯ ಮೊನೆಗೆ ಬೆಳ್ಳಿ ಕಾಗದ ಸುತ್ತಿ. ಫ್ಯೂಸಿಗೆ ಬೇಡ ಅಂದ ಕಾಗದಕ್ಕೆ ಇಲ್ಲಿ ಕೆಲಸ ಸಿಕ್ಕಿತು! ಇದರಿಂದ ಗೆರೆಗೆ ಗೀರು ಬೀಳುವುದಿಲ್ಲ. ಸ್ವಿಚ್ ಹಾಕಿ ಗೆರೆಯ ನಡುಭಾಗ ಮುಟ್ಟಿ. ಒಳ್ಳೆಯ ಗೆರೆಯಲ್ಲಿ ಸುಮಾರು 6 ವೋಲ್ಟ್ ಬರುತ್ತದೆ. 12 ಬಂದರೆ ಕಡಿದದ್ದು ಅರ್ತಿನ ಕಡೆ. ಸೊನ್ನೆ ಬಂದರೆ ಕರೆಂಟು ಬರುವ ಕಡೆ. ಆ ಕಡೆಗೆ ಮೆಲ್ಲಗೆ ಸರಿಸುತ್ತಾ ಹೋಗಿ. ಎಲ್ಲಿ ಅಂಕಿ ಥಟ್ಟನೆ ಹಾರುತ್ತದೋ ಅಲ್ಲೇ ಗೆರೆ ಕಡಿದಿದೆ. ಗಾಜಿನ ಹೊರಗಡೆ ಪೆನ್ನಿನಿಂದ ಗುರುತು ಹಾಕಿ.

ಇದನ್ನು ಸೇರಿಸಲು ಕರೆಂಟು ಹರಿಯುವ ಬೆಳ್ಳಿ ಬಣ್ಣ ಅಂಗಡಿಯಲ್ಲಿ ಸಿಗುತ್ತದೆ. ಸಾಮಾನ್ಯ ಬಣ್ಣ, ಅಂಟು, ಎಂ-ಸೀಲ್ ನಡೆಯುವುದಿಲ್ಲ. ಅವುಗಳಲ್ಲಿ ಕರೆಂಟು ಹರಿಯದು. ಸ್ವಿಚ್ ಆರಿಸಿ. ಜಾಗವನ್ನು ಸ್ಪಿರಿಟ್ಟಿನಿಂದ ಒರೆಸಿ. ಗೆರೆಯ ಮೇಲೊಂದು ಕೆಳಗೊಂದು ಟೇಪು ಅಂಟಿಸಿ, ನಡುವಿನ ಸಂದಿಗೆ ಬಣ್ಣ ಹಚ್ಚಿ. ಅಂಗುಲಕ್ಕಿಂತ ಉದ್ದ ಕಿತ್ತುಹೋಗಿದ್ದರೆ ಇದು ನಿಲ್ಲುವುದು ಕಷ್ಟ. ಒಂದು ಹಗಲು ಒಂದು ರಾತ್ರಿ ಒಣಗಲು ಬಿಡಿ.

ಮರುದಿನ ಬೆಳಗಿನ ಜಾವ ಕಾರು ತೆಗೆಯುವ ಮುಂಚೆ ಡಿಫಾಗರ್ ಹಾಕಿ, ಆ ಗೆರೆಯ ಹತ್ತಿರ ಗಾಜಿನ ಮೇಲೆ ‘ಹಾ’ ಅಂತ ಉಸಿರು ಬಿಡಿ. ಗೆರೆ ಕೆಲಸ ಮಾಡುತ್ತಿದ್ದರೆ ಮಸುಕು ಮೊದಲು ಅದರ ಅಂಚಿನಿಂದಲೇ ಬಿಡುತ್ತಾ ಬರುತ್ತದೆ.